ಕೆಲಸವಿಲ್ಲದೆ ಮೈಸೂರಿಗೆ ಮನೆ ಬದಲಿಸಬೇಕೇ? ನಿರ್ಧರಿಸುವ ಮುನ್ನ ಓದಬೇಕಾದ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಕೆಲಸ ಬಿಟ್ಟು ಮೈಸೂರಿಗೆ ಹೋಗಿ ಇದ್ದುಬಿಡೋಣ, ಕೆಲಸ ಆಮೇಲೆ ನೋಡಿಕೊಂಡರಾಯಿತು ಎಂಬ ಆಸೆಯಲ್ಲಿ ಎರಡು ನಿರ್ಧಾರಗಳು ಗಂಟು ಬಿದ್ದಿರುತ್ತವೆ. ಊರು ಬದಲಿಸುವುದು ಒಂದು, ಕೆಲಸ ಬಿಡುವುದು ಇನ್ನೊಂದು. ಈ ಗಂಟನ್ನು ಮೊದಲು ಬಿಚ್ಚಿ. ಹಾಗೆ ಬಿಚ್ಚಿ ನೋಡಿದ ಎಷ್ಟೋ ಜನರಿಗೆ ಕೆಲಸ ಬಿಡದೆಯೇ ಮೈಸೂರು ಸಿಕ್ಕಿದೆ. ಉಳಿದವರಿಗೆ ಬೇಕಾಗುವುದು ಧೈರ್ಯವಲ್ಲ, ಒಂದು ಹಾಳೆಯಷ್ಟು ಲೆಕ್ಕ ಮತ್ತು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಒಂದು ದಿನಾಂಕ. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ, ಮುಖ್ಯವಾಗಿ ರಾಜೀನಾಮೆ ಮೊದಲಾಗಿ ಲೆಕ್ಕ ಆಮೇಲಾದರೆ, ಸರಿಪಡಿಸಲು ಬರುವುದಿಲ್ಲ.

ಹಂತ 1: ಊರು ಬೇಕೋ, ವಿಶ್ರಾಂತಿ ಬೇಕೋ ನೋಡಿ

ಆಫೀಸಿನ ಕಾಟಕ್ಕೆ, ಟ್ರಾಫಿಕ್ಕಿಗೆ ಬೇಸತ್ತು ಹೊರಟವರು ಮೈಸೂರಿನಲ್ಲಿ ಮೂರು ತಿಂಗಳು ಬಹಳ ಖುಷಿಯಾಗಿರುತ್ತಾರೆ. ನಾಲ್ಕನೆಯ ತಿಂಗಳಿನಿಂದ ಚಡಪಡಿಕೆ ಶುರು. ಅವರಿಗೆ ಬೇಕಿದ್ದದ್ದು ಒಂದು ತಿಂಗಳ ರಜೆ, ಇಲ್ಲವೇ ಬೆಂಗಳೂರಿನಲ್ಲೇ ಬೇರೆ ಕಂಪನಿ.

ಇದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಈಗಿನ ಸಂಬಳಕ್ಕೇ, ಈಗಿನ ಮನೆಗೆ ಹತ್ತಿರದಲ್ಲೇ, ಒಳ್ಳೆಯ ಮೇಲಧಿಕಾರಿಯ ಕೈಕೆಳಗೆ ಕೆಲಸ ಸಿಕ್ಕರೆ ಮೈಸೂರಿಗೆ ಹೋಗುತ್ತೀರಾ? "ಆಗಲೂ ಹೋಗುತ್ತೇನೆ" ಎನ್ನುವವರು ಎರಡನೇ ಹಂತಕ್ಕೆ ಬನ್ನಿ. ಗಂಡ ಹೆಂಡತಿ ಈ ಪ್ರಶ್ನೆಗೆ ಬೇರೆ ಬೇರೆಯಾಗಿ ಬರೆದು ಉತ್ತರಿಸಿ, ಆಮೇಲೆ ಹೋಲಿಸಿ ನೋಡಿ. ಎದುರಾಎದುರು ಕೂತು ಮಾತಾಡಿದರೆ ಒಬ್ಬರ ಉತ್ಸಾಹಕ್ಕೆ ಇನ್ನೊಬ್ಬರು ಸುಮ್ಮನೆ ತಲೆಯಾಡಿಸುವುದೇ ಹೆಚ್ಚು.

ಹಂತ 2: ದಸರೆಯಲ್ಲದ ದಿನಗಳಲ್ಲಿ ಎರಡು ಮೂರು ವಾರ ಇದ್ದು ನೋಡಿ

ದಸರೆ ಹೊತ್ತಿನ ದೀಪಾಲಂಕಾರದ ಮೈಸೂರು, ಶನಿವಾರ ಭಾನುವಾರದ ಮೈಸೂರು ನೆಂಟರಿಗೆ ತೋರಿಸುವ ಊರು. ನೀವು ಇರಬೇಕಾದದ್ದು ಮಂಗಳವಾರದ ಮೈಸೂರಿನಲ್ಲಿ. ಏಪ್ರಿಲ್ ಬಿಸಿಲಿನಲ್ಲೋ ಜುಲೈ ಮಳೆಯಲ್ಲೋ ಎರಡು ಮೂರು ವಾರ ಬಾಡಿಗೆಗೆ ಹಿಡಿದು ಇರಿ. ಯೋಗ ಕಲಿಯಲು ಬರುವ ವಿದೇಶಿಯರ ಕಾರಣಕ್ಕೆ ಗೋಕುಲಂ ಸುತ್ತಮುತ್ತ ಸಾಮಾನುಸಹಿತ ಮನೆಗಳು ವಾರದ, ತಿಂಗಳ ಲೆಕ್ಕದಲ್ಲಿ ಸಿಗುತ್ತವೆ. ಅಲ್ಲಿಯ ಬಾಡಿಗೆಯನ್ನು ಊರಿನ ಸರಾಸರಿ ಎಂದುಕೊಳ್ಳಬೇಡಿ, ಅದು ಆ ಬಡಾವಣೆಯ ದರ ಮಾತ್ರ.

ಆ ದಿನಗಳಲ್ಲಿ ಅರಮನೆ, ಬೆಟ್ಟ, ಬೃಂದಾವನ ಬಿಟ್ಟು ದಿನಬಳಕೆಯ ಊರನ್ನು ನೋಡಿ. ನೀವು ಬಾಡಿಗೆಗೆ ಹುಡುಕುವ ಬಡಾವಣೆಯಿಂದ ಕೆಲಸ ಸಿಗಬಹುದಾದ ಜಾಗಕ್ಕೆ ಬೆಳಗ್ಗೆ 8.30ಕ್ಕೆ ಹೋಗಿ ಬನ್ನಿ. ಮೈಸೂರಿನ ಶ್ರೀರಾಂಪುರದಲ್ಲಿ ಮನೆ ಮಾಡಿ ಮೈಸೂರಿನದೇ ಆದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಓಡಾಡುವುದೆಂದರೆ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿದಂತೆ. ರಾತ್ರಿ 9.30ರ ಮೇಲೆ ಒಮ್ಮೆ ಔಷಧಿ ಅಂಗಡಿ, ಒಮ್ಮೆ ಊಟ ಹುಡುಕಿ. ಬೆಂಗಳೂರಿನ ಅಭ್ಯಾಸದವರಿಗೆ ಅಂಗಡಿಗಳು ಬೇಗ ಮುಚ್ಚುವುದು ಮೊದಲು ಚಂದ ಕಾಣುತ್ತದೆ, ಆಮೇಲೆ ಕಷ್ಟವಾಗುತ್ತದೆ. ಆ ಅವಧಿಯಲ್ಲೇ ಬೆಂಗಳೂರಿನಲ್ಲಿ ಒಂದು ಇಂಟರ್‌ವ್ಯೂ ಅಥವಾ ಮೀಟಿಂಗ್ ಇಟ್ಟುಕೊಂಡು ಹೋಗಿ ಬನ್ನಿ. ಮೈಕೈ ನೋವು ಎಷ್ಟು, ಖರ್ಚು ಎಷ್ಟು ಎಂದು ಗೊತ್ತಾಗುತ್ತದೆ.

ಹಂತ 3: ನಿಮ್ಮ ವೃತ್ತಿಗೆ ಮೈಸೂರಿನಲ್ಲಿ ಎಷ್ಟು ಬಾಗಿಲುಗಳಿವೆ, ಎಣಿಸಿ

ಇದು ಅತ್ಯಂತ ಮುಖ್ಯವಾದ ಹಂತ, ಅತಿ ಹೆಚ್ಚು ಜನ ಹಾರಿಸುವ ಹಂತವೂ ಇದೇ. ಮೈಸೂರಿನಲ್ಲಿ ಕೆಲಸವಿಲ್ಲ ಎನ್ನುವುದು ತಪ್ಪು. ಕೆಲಸ ಕೆಲವೇ ಕ್ಷೇತ್ರಗಳಲ್ಲಿದೆ, ಪ್ರತಿ ಕ್ಷೇತ್ರದಲ್ಲೂ ಕೆಲಸ ಕೊಡುವ ಮಾಲೀಕರು ಬೆರಳೆಣಿಕೆಯಷ್ಟು. ಬೆಂಗಳೂರಿನಲ್ಲಿ ಒಂದು ಬಾಗಿಲು ಮುಚ್ಚಿದರೆ ಪಕ್ಕದ ಕಟ್ಟಡದಲ್ಲೇ ಇನ್ನೊಂದಿರುತ್ತದೆ. ಇಲ್ಲಿ ನಿಮ್ಮ ಹುದ್ದೆಗೆ ಎರಡೇ ಬಾಗಿಲಿದ್ದು ಎರಡೂ ಮುಚ್ಚಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕಾಗಬಹುದು.

ಐಟಿಯವರಿಗೆ ಇನ್ಫೋಸಿಸ್, ಎಲ್ ಅಂಡ್ ಟಿ ಟೆಕ್ನಾಲಜಿ ಸರ್ವಿಸಸ್ (ಎಲ್‌ಟಿಟಿಎಸ್), ಕಲಿಕಾ ತಂತ್ರಾಂಶದ ಎಕ್ಸೆಲ್‌ಸಾಫ್ಟ್ ಮತ್ತು ಕೆಲವು ಸಣ್ಣ ಕಂಪನಿಗಳಿವೆ. ಇನ್ಫೋಸಿಸ್ ಕ್ಯಾಂಪಸ್ ದೊಡ್ಡದು ನಿಜ, ಆದರೆ ಅದರ ಬಹುಭಾಗ ಹೊಸಬರ ತರಬೇತಿಗೆಂದು ಕಟ್ಟಿದ್ದು. ಕಟ್ಟಡದ ಗಾತ್ರ ನೋಡಿ ಖಾಲಿ ಹುದ್ದೆಗಳನ್ನು ಅಂದಾಜು ಮಾಡಬೇಡಿ. ಎಲೆಕ್ಟ್ರಾನಿಕ್ಸ್ ಮತ್ತು ಉತ್ಪಾದನೆಯವರಿಗೆ ಪರಿಸ್ಥಿತಿ ಮೇಲು: ಕೇನ್ಸ್ ಟೆಕ್ನಾಲಜಿ, ಜೆಕೆ ಟೈರ್, ಆಟೋಮೋಟಿವ್ ಆಕ್ಸಲ್ಸ್, ಬೆಮೆಲ್, ನಂಜನಗೂಡಿನ ಕಡೆ ನೆಸ್ಲೆ, ಟಿವಿಎಸ್, ಎಟಿ ಅಂಡ್ ಎಸ್. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ, ಕೂರ್ಗಳ್ಳಿ, ಕಡಕೊಳ, ನಂಜನಗೂಡು ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಸುತ್ತು ಹಾಕಿದರೆ ಆನ್‌ಲೈನಿನಲ್ಲಿ ಕಾಣದ ಮಧ್ಯಮ ಗಾತ್ರದ ಕಾರ್ಖಾನೆಗಳ ಹೆಸರು ಸಿಗುತ್ತವೆ.

ಸಂಶೋಧನೆಯವರು ಆಹಾರ ತಂತ್ರಜ್ಞಾನದ ಸಿಎಫ್‌ಟಿಆರ್‌ಐ, ರಕ್ಷಣಾ ಇಲಾಖೆಯ ಡಿಐಬಿಟಿ (ಹಿಂದಿನ ಡಿಎಫ್‌ಆರ್‌ಎಲ್), ಭಾರತೀಯ ಭಾಷಾ ಸಂಸ್ಥಾನ, ವಾಕ್ ಶ್ರವಣ ಸಂಸ್ಥೆ, 1916ರಷ್ಟು ಹಳೆಯ ಮೈಸೂರು ವಿಶ್ವವಿದ್ಯಾನಿಲಯ ಇವನ್ನೆಲ್ಲ ನೆಚ್ಚುತ್ತಾರೆ. ಇಲ್ಲಿ ಖಾಯಂ ಹುದ್ದೆ ಅಧಿಸೂಚನೆ, ಪರೀಕ್ಷೆಗಳ ಮೂಲಕವೇ. ಊರಲ್ಲಿ ಇದ್ದ ಮಾತ್ರಕ್ಕೆ ಹತ್ತಿರವಾಗುವುದಿಲ್ಲ. ಊರಲ್ಲಿದ್ದರೆ ಅನುಕೂಲವಾಗುವುದು ನೇರ ಸಂದರ್ಶನದ ಪ್ರಾಜೆಕ್ಟ್ ಹುದ್ದೆಗಳಿಗೆ. ಅವುಗಳ ಅವಧಿ ಪ್ರಾಜೆಕ್ಟ್ ಮುಗಿಯುವ ತನಕ ಮಾತ್ರ. ನರ್ಸಿಂಗ್, ಲ್ಯಾಬ್, ಫಿಸಿಯೋಥೆರಪಿ, ಶಾಲಾ ಶಿಕ್ಷಕ ವೃತ್ತಿ, ಹೋಟೆಲ್ ಕೆಲಸ ಇವುಗಳಲ್ಲಿ ಬಾಗಿಲು ಜಾಸ್ತಿ, ಸಂಬಳ ಬೆಂಗಳೂರಿಗಿಂತ ಕಡಿಮೆ.

ಮಾಡಬೇಕಾದದ್ದು ಇಷ್ಟು: ನಿಮ್ಮ ಈಗಿನ ಹುದ್ದೆಯ ಹೆಸರನ್ನೇ ಹಾಕಿ, ಊರು ಮೈಸೂರು ಎಂದು ಆರಿಸಿ, ಸತತ ಎಂಟು ವಾರ ಪ್ರತಿ ಸೋಮವಾರ ಉದ್ಯೋಗ ತಾಣಗಳಲ್ಲಿ ಹುಡುಕಿ ಸಂಖ್ಯೆ ಬರೆದಿಡಿ. ಒಂದೇ ಜಾಹೀರಾತು ಬೇರೆ ಬೇರೆ ಏಜೆನ್ಸಿಗಳ ಹೆಸರಲ್ಲಿ ಮರುಕಳಿಸುತ್ತದೆ, ಅದನ್ನು ಒಂದೇ ಎಂದು ಎಣಿಸಿ. ಎಂಟು ವಾರದಲ್ಲಿ ನಿಮಗೆ ಹೊಂದುವ ಬೇರೆ ಬೇರೆ ಮಾಲೀಕರು ಹತ್ತಕ್ಕಿಂತ ಹೆಚ್ಚು ಸಿಕ್ಕರೆ ಕೆಲಸವಿಲ್ಲದೆ ಹೋಗುವುದು ವಿಚಾರ ಮಾಡತಕ್ಕ ಮಾತು. ಮೂರಕ್ಕಿಂತ ಕಡಿಮೆ ಇದ್ದರೆ ಬೆಂಗಳೂರಿನ ಸಂಬಳದ ದಾರವನ್ನು ಕಡಿದುಕೊಳ್ಳಬೇಡಿ. ಈ ಗೆರೆ ನಮ್ಮ ಅಂದಾಜು, ಆದರೆ ಗೆರೆಯೇ ಇಲ್ಲದೆ ಹೋಗುವುದಕ್ಕಿಂತ ಎಷ್ಟೋ ವಾಸಿ.

ಹಂತ 4: ರಾಜೀನಾಮೆಗೆ ಮುಂಚೆ ಕೇಳಬೇಕಾದ ಮೂರು ಪ್ರಶ್ನೆ

ಕಂಪನಿಗೆ ಮೈಸೂರಿನಲ್ಲಿ ಕಚೇರಿ ಇದೆಯೇ, ವರ್ಗ ಸಿಗುತ್ತದೆಯೇ? ವಾರಕ್ಕೆ ಎರಡು ದಿನ ಮಾತ್ರ ಆಫೀಸಿಗೆ ಬಂದರೆ ನಡೆಯುತ್ತದೆಯೇ? ಎರಡೂ ಇಲ್ಲವಾದರೆ ಸಂಬಳವಿಲ್ಲದ ರಜೆ ಎರಡು ತಿಂಗಳು ಸಿಗುತ್ತದೆಯೇ? "ಮೂರು ತಿಂಗಳು ಪ್ರಯೋಗ ಮಾಡೋಣ, ಸರಿಬರದಿದ್ದರೆ ವಾಪಸ್ ಬರುತ್ತೇನೆ" ಎಂದು ಬರೆದು ಕೇಳಿದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಬಾಯಿಮಾತಿನ ಒಪ್ಪಿಗೆ ನಂಬಿ ಮನೆ ಖಾಲಿ ಮಾಡಬೇಡಿ. ಮ್ಯಾನೇಜರ್ ಬದಲಾದ ದಿನ ಆ ಮಾತು ಮುಗಿಯುತ್ತದೆ.

ವಾರಕ್ಕೆರಡು ದಿನದ ಓಡಾಟಕ್ಕೆ ರೈಲೇ ಸರಿ. ಮೈಸೂರು–ಬೆಂಗಳೂರು ರೈಲು ದೂರ 150 ಕಿಲೋಮೀಟರಿನ ಮಿತಿಯೊಳಗೆ ಇರುವುದರಿಂದ ತಿಂಗಳ ಸೀಸನ್ ಟಿಕೆಟ್ ಸಿಗುತ್ತದೆ. ಬೆಳಗ್ಗೆ ಹೊರಟು ಸಂಜೆ ಮರಳುವ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಹೀಗೆ ಓಡಾಡುವವರ ಒಂದು ಲೋಕವೇ ಇದೆ. ವಂದೇ ಭಾರತ್‌ನಲ್ಲಿ ಸೀಸನ್ ಟಿಕೆಟ್ ನಡೆಯುವುದಿಲ್ಲ. ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಇಳಿದು ನೇರಳೆ ಮೆಟ್ರೋ ಹಿಡಿದರೆ ವೈಟ್‌ಫೀಲ್ಡ್‌ವರೆಗೂ ಗಾಡಿ ಬದಲಿಸಬೇಕಿಲ್ಲ. ಆದರೆ ಮನೆ ಬಾಗಿಲಿನಿಂದ ಆಫೀಸಿನ ಕುರ್ಚಿಯವರೆಗೆ ಎಣಿಸಿದರೆ ಒಂದು ದಿಕ್ಕಿಗೇ ನಾಲ್ಕು ಗಂಟೆ ದಾಟುತ್ತದೆ. ದಿನವೂ ಇದು ಆಗುವ ಮಾತಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ನೆಚ್ಚಿಕೊಂಡವರು ಎರಡು ಸಂಗತಿ ನೆನಪಿಡಿ: ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಕೆಂಗೇರಿವರೆಗೆ ಉಳಿಸಿದ ಸಮಯವನ್ನು ಕೆಂಗೇರಿಯಿಂದಾಚೆ ಕಳೆಯುತ್ತೀರಿ.

ಮೂರಕ್ಕೂ "ಇಲ್ಲ" ಎಂಬ ಉತ್ತರ ಬಂದ ಮೇಲಷ್ಟೇ ಐದನೇ ಹಂತ.

ಹಂತ 5: ಎಷ್ಟು ತಿಂಗಳ ಹಣವಿದೆ?

"ಆರು ತಿಂಗಳ ಸಂಬಳ ಉಳಿಸಿಟ್ಟುಕೊಳ್ಳಿ" ಎನ್ನುವ ಸಲಹೆ ಇಲ್ಲಿ ಸಾಲದು. ಲೆಕ್ಕ ಹಾಕಬೇಕಾದದ್ದು ಸಂಬಳದಲ್ಲಲ್ಲ, ಖರ್ಚಿನಲ್ಲಿ. ಮೂರು ಜನರ ಒಂದು ಕುಟುಂಬದ ಲೆಕ್ಕವನ್ನು ಮಾದರಿಗೆ ಹಾಕೋಣ, ನಿಮ್ಮ ಅಂಕಿಗಳನ್ನು ಅದರ ಜಾಗದಲ್ಲಿ ಕೂರಿಸಿಕೊಳ್ಳಿ.

ತಿಂಗಳ ಖರ್ಚು: ಬಾಡಿಗೆ 16,000, ದಿನಸಿ ಹಾಲು ತರಕಾರಿ 14,000, ಶಾಲಾ ಶುಲ್ಕವನ್ನು ಹನ್ನೆರಡರಿಂದ ಭಾಗಿಸಿ 8,000, ಹಳೆಯ ಸಾಲದ ಇಎಂಐ 9,000, ಊರಿನಲ್ಲಿರುವ ತಂದೆತಾಯಿಗೆ 5,000, ಪೆಟ್ರೋಲ್ 4,000, ಆರೋಗ್ಯ ವಿಮೆಯ ತಿಂಗಳ ಪಾಲು 3,000, ಕರೆಂಟು ನೀರು ಇಂಟರ್ನೆಟ್ ಫೋನು 3,000, ಔಷಧಿ 2,000, ಮದುವೆ ಮುಂಜಿ ಉಡುಗೊರೆ ಮತ್ತು ಬೆಂಗಳೂರಿನ ಓಡಾಟ 4,000. ಒಟ್ಟು 68,000 ರೂಪಾಯಿ. ಕೊನೆಯ ಬಾಬತ್ತನ್ನು ಎಲ್ಲರೂ ಬಿಡುತ್ತಾರೆ, ಅದೇ ಲೆಕ್ಕ ಕೆಡಿಸುತ್ತದೆ.

ಒಂದೇ ಸಲದ ಖರ್ಚು: ಮುಂಗಡ 1,00,000, ಶಾಲೆಗೆ ಸೇರಿಸಲು 40,000, ಸಾಮಾನು ಸಾಗಣೆ 20,000, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 16,000, ಸೊಳ್ಳೆ ಪರದೆ, ಕರ್ಟನ್, ಗೀಸರ್ ರಿಪೇರಿ ಇತ್ಯಾದಿ 24,000. ಒಟ್ಟು 2,00,000.

ಕೈಯಲ್ಲಿ ಕೂಡಲೇ ಸಿಗುವ ಹಣ 12 ಲಕ್ಷ ಇದೆ ಎಂದಿಟ್ಟುಕೊಳ್ಳಿ. ಒಂದೇ ಸಲದ ಖರ್ಚು 2 ಲಕ್ಷ ಕಳೆಯಿರಿ. ಆಸ್ಪತ್ರೆಗೆಂದು 2 ಲಕ್ಷ ಪಕ್ಕಕ್ಕಿಟ್ಟು ಇಲ್ಲವೇ ಇಲ್ಲ ಎಂದುಕೊಳ್ಳಿ. ಉಳಿದ 8 ಲಕ್ಷವನ್ನು 68,000ದಿಂದ ಭಾಗಿಸಿದರೆ 11 ತಿಂಗಳು ಚಿಲ್ಲರೆ.

ಈ 11 ತಿಂಗಳೂ ಹುಡುಕಾಟಕ್ಕೆ ಎಂದುಕೊಂಡರೆ ಕೆಟ್ಟಿರಿ. ಇಂಟರ್‌ವ್ಯೂ ಸುತ್ತುಗಳು, ಆಫರ್, ಸೇರುವ ದಿನ, ಮೊದಲ ಸಂಬಳ ಎಲ್ಲ ಸೇರಿ ಮೂರು ನಾಲ್ಕು ತಿಂಗಳು ಸಲೀಸಾಗಿ ಹಿಡಿಯುತ್ತದೆ. ಹಾಗಾಗಿ ಕೊನೆಯ ನಾಲ್ಕು ತಿಂಗಳ ಹಣ, ಅಂದರೆ 2,72,000, ಬೆಂಗಳೂರಿಗೆ ಹಿಂದಿರುಗಲು ಇಟ್ಟ ಹಣ. ಅದಕ್ಕೆ ಆಸ್ಪತ್ರೆಯ 2 ಲಕ್ಷ ಸೇರಿಸಿದರೆ 4,72,000. ಖಾತೆ ಈ ಮೊತ್ತಕ್ಕೆ ಇಳಿದ ದಿನ ಮೈಸೂರಿಗಷ್ಟೇ ಸೀಮಿತವಾದ ಹುಡುಕಾಟ ನಿಲ್ಲಬೇಕು. ಮೊತ್ತವನ್ನು, ಆ ದಿನ ಬರುವ ಅಂದಾಜು ತಿಂಗಳನ್ನು ಬರೆದು ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿ. ನಿಮ್ಮ ಲೆಕ್ಕದಲ್ಲಿ ಹುಡುಕಾಟಕ್ಕೆ ಉಳಿಯುವ ಅವಧಿ ಆರು ತಿಂಗಳಿಗಿಂತ ಕಡಿಮೆ ಬಂದರೆ ಇನ್ನೊಂದು ವರ್ಷ ಬೆಂಗಳೂರಿನಲ್ಲೇ ದುಡಿದು ಉಳಿಸಿ. ಮೈಸೂರು ಎಲ್ಲಿಗೂ ಹೋಗುವುದಿಲ್ಲ.

ಬೆಂಗಳೂರಿನ ಮನೆಯ ಮುಂಗಡವನ್ನು ಈ 12 ಲಕ್ಷದೊಳಗೆ ಸೇರಿಸಬೇಡಿ. ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇನೆ ಎನ್ನುವ ಮಾಲೀಕರೇ ಹೆಚ್ಚು. ಇಪಿಎಫ್ (ಭವಿಷ್ಯನಿಧಿ) ಹಣವನ್ನೂ ಸೇರಿಸಬೇಡಿ. ಕೆಲಸ ಬಿಟ್ಟ ಮೇಲೆ ಎಷ್ಟು, ಯಾವಾಗ ತೆಗೆಯಬಹುದು ಎಂಬ ನಿಯಮ ಬದಲಾಗುತ್ತಿರುತ್ತದೆ. ಐದು ವರ್ಷ ಸತತ ಸೇವೆಗೆ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಲೆಕ್ಕಕ್ಕೂ ಪೆಟ್ಟು ಬೀಳಬಹುದು.

ಹಂತ 6: ಕೊನೆಯ ದಿನಕ್ಕೆ ಮುಂಚೆ ಮುಗಿಸಬೇಕಾದವು

ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ. ಹೊಸ ವೈಯಕ್ತಿಕ ಪಾಲಿಸಿ ಮಾಡಿದರೆ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ, ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆಯಂಥವಕ್ಕೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅದಕ್ಕೇ ನೋಟಿಸ್ ಅವಧಿಯ ಮೊದಲ ವಾರದಲ್ಲೇ, ಕಂಪನಿಗೆ ಪಾಲಿಸಿ ಕೊಟ್ಟ ವಿಮಾ ಸಂಸ್ಥೆಯನ್ನೇ ಸಂಪರ್ಕಿಸಿ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಕೇಳಿ. ಹಾಗೆ ಬದಲಾದರೆ ಕಳೆದ ವರ್ಷಗಳ ಕಾಯುವಿಕೆ ಲೆಕ್ಕಕ್ಕೆ ಬರುತ್ತದೆ. ಕೆಲಸ ಬಿಟ್ಟಾದ ಮೇಲೆ ಕೇಳಿದರೆ ಬಾಗಿಲು ಮುಚ್ಚಿರಬಹುದು.

ಖಾಯಂ ನೌಕರರಾಗಿದ್ದು ಗ್ರಾಚ್ಯುಟಿಗೆ ಐದು ವರ್ಷ ತುಂಬಲು ಕೆಲವೇ ತಿಂಗಳಿದ್ದರೆ ಕಾಯಿರಿ. ಗ್ರಾಚ್ಯುಟಿಯ ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಎಷ್ಟು ಬಿಟ್ಟುಕೊಡುತ್ತಿದ್ದೀರಿ ಎಂದು ಗೊತ್ತಾಗುತ್ತದೆ. ಹೊಸ ಕ್ರೆಡಿಟ್ ಕಾರ್ಡ್, ಇಲ್ಲವೇ ಕಡಿಮೆ ಬಡ್ಡಿಯ ಬ್ಯಾಂಕಿಗೆ ಸಾಲದ ವರ್ಗಾವಣೆ ಬೇಕಿದ್ದರೆ ಸಂಬಳದ ಚೀಟಿ ಕೈಯಲ್ಲಿದ್ದಾಗಲೇ ಮುಗಿಸಿ. ಮಗು 9ನೇ ತರಗತಿಯಲ್ಲಿದ್ದರೆ ಯೋಚಿಸಿ: ಸಿಬಿಎಸ್‌ಇಯಲ್ಲಿ ನೋಂದಣಿ 9ರಲ್ಲೇ ಆಗುವುದರಿಂದ 10ಕ್ಕೆ ಶಾಲೆ ಬದಲಿಸಲು ಮಂಡಳಿಯ ಅನುಮತಿ ಬೇಕು. 10 ಮುಗಿಸಿ ಬರುವುದೇ ಲೇಸು.

ಹಂತ 7: ಕೆಲಸವಿಲ್ಲದವರಿಗೆ ಮನೆ ಸಿಗುವುದು ಹೇಗೆ

ಮೈಸೂರಿನ ಮನೆ ಮಾಲೀಕರ ಮೊದಲ ಪ್ರಶ್ನೆ "ಎಲ್ಲಿ ಕೆಲಸ?". ಸುಳ್ಳು ಹೇಳಬೇಡಿ. ಗುರುತಿನ ಚೀಟಿ ಕೇಳಿದಾಗ ಸಿಕ್ಕಿಬೀಳುತ್ತೀರಿ, ಆ ಬೀದಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹಳೆಯ ಮಾಲೀಕರ ಫೋನ್ ನಂಬರು, ಸ್ಥಳೀಯರೊಬ್ಬರ ಪರಿಚಯ ಇಟ್ಟುಕೊಂಡು, ಬೇಕಿದ್ದರೆ ಎರಡು ತಿಂಗಳ ಮುಂಗಡ ಹೆಚ್ಚಿಗೆ ಕೊಡುತ್ತೇನೆ ಎನ್ನಿ. ಊಟ, ಜಾತಿ ಕೇಳುವವರೂ ಇದ್ದಾರೆ, ಬೇಸರದ ಮಾತಾದರೂ ಅದಕ್ಕೆ ಸಿದ್ಧರಾಗಿ ಹೋಗಿ. ಆನ್‌ಲೈನಿನಲ್ಲಿ ಕಾಣದ ಎಷ್ಟೋ ಮನೆಗಳು ಗೇಟಿನ ಟು-ಲೆಟ್ ಬೋರ್ಡಿನಲ್ಲಿ ಸಿಗುತ್ತವೆ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದೇ ಹುಡುಕಿ. ಮನೆ ನೋಡದೆ ಮುಂಗಡ ಕಳಿಸಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಕಾಲದ ವಿಚಾರದಲ್ಲಿ ಒಂದು ಉಪಾಯ: ಶಾಲೆ ಶುರುವಾಗುವ ಮುಂಚಿನ ಏಪ್ರಿಲ್–ಮೇನಲ್ಲಿ ಮನೆಗಳಿಗೆ ನೂಕುನುಗ್ಗಲು. ಆಷಾಢದಲ್ಲಿ ಹಾಲು ಉಕ್ಕಿಸಲು ಜನ ಹಿಂಜರಿಯುವುದರಿಂದ ಮನೆಗಳು ಖಾಲಿ ನಿಲ್ಲುತ್ತವೆ. ನಿಮಗೆ ಅಡ್ಡಿಯಿಲ್ಲದಿದ್ದರೆ ಚೌಕಾಸಿಗೆ ಅದೇ ಸಮಯ. ಆಷಾಢದಲ್ಲಿ ಕರಾರು ಮಾಡಿ ಶ್ರಾವಣದಲ್ಲಿ ಹೊಕ್ಕರೂ ಆಯಿತು.

ಊರಂಚಿನ ಖಾಸಗಿ ಬಡಾವಣೆಗಳಲ್ಲಿ ಬಾಡಿಗೆ ಕಡಿಮೆ. ಅಲ್ಲಿ ಮೊದಲು ನೀರಿನ ಬಗ್ಗೆ ವಿಚಾರಿಸಿ. ಕಾವೇರಿ ಅಥವಾ ಕಬಿನಿ ನೀರು ಬರುತ್ತದೆಯೇ, ಬೋರ್‌ವೆಲ್ ಮಾತ್ರವೇ, ಸಂಪು ಎಷ್ಟು ಲೀಟರಿನದು, ಬೇಸಿಗೆಯಲ್ಲಿ ಟ್ಯಾಂಕರ್ ಹಣ ಯಾರದು? ಉತ್ತರವನ್ನು ಮಾಲೀಕರಿಂದಲ್ಲ, ಪಕ್ಕದ ಮನೆಯವರಿಂದ ಪಡೆಯಿರಿ. ಬಚ್ಚಲಿನ ನಲ್ಲಿಗಳ ಮೇಲೆ ಬಿಳಿ ಪೊರೆ ಗಟ್ಟಿಯಾಗಿ ಕೂತಿದ್ದರೆ ಗಡಸು ನೀರು ಎಂದರ್ಥ.

ಭೋಗ್ಯದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವುದು ಸಂಬಳವಿಲ್ಲದವರಿಗೆ ವರದಂತೆ ಕಾಣುತ್ತದೆ. ಆದರೆ ಐದನೇ ಹಂತದ ಲೆಕ್ಕ ನಿಂತಿರುವುದೇ ಕೈಗೆ ಕೂಡಲೇ ಸಿಗುವ ಹಣದ ಮೇಲೆ. ಭೋಗ್ಯಕ್ಕೆ ಕೊಟ್ಟರೆ ಅದು ಗೋಡೆಯೊಳಗೆ ಹೂತಂತೆ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಟ್ಟದಿದ್ದರೆ ಬ್ಯಾಂಕ್ ಹರಾಜಿಗೆ ಇಡುತ್ತದೆ, ನಿಮ್ಮ ಹಣಕ್ಕೆ ನೀವು ಕೋರ್ಟಿಗೆ ಅಲೆಯಬೇಕು. ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ನೋಡುವುದು ಒಳ್ಳೆಯದು, ಆದರೆ ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಅದರಲ್ಲಿ ಬರುವುದೇ ಇಲ್ಲ. ಜೆರಾಕ್ಸ್ ಬೇಡ, ಮೂಲ ಕ್ರಯಪತ್ರವನ್ನೇ ತೋರಿಸಿ ಎನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ಮೊದಲ ವರ್ಷ 11 ತಿಂಗಳ ಬಾಡಿಗೆ ಕರಾರೇ ಇರಲಿ, ಖಾಲಿ ಮಾಡುವ ನೋಟಿಸ್ ಒಂದೇ ತಿಂಗಳು ಎಂದು ಬರೆಸಿಕೊಳ್ಳಿ.

ಮನೆ ಹೊಕ್ಕ ಮೇಲಿನ ಕಾಗದಪತ್ರ ಹೆಚ್ಚಿಲ್ಲ. ಬೆಂಗಳೂರಿನ ಮನೆಯ ಕರೆಂಟು ಬಿಲ್ಲಿನ ಆರ್‌ಆರ್ ನಂಬರಿನಿಂದ ಗೃಹಜ್ಯೋತಿಯನ್ನು ಬಿಡಿಸಿ ಹೊಸ ಮನೆಯ ನಂಬರಿಗೆ ಜೋಡಿಸಿ. ಬಿಡಿಸದಿದ್ದರೆ ಹೊಸದು ಒಪ್ಪುವುದಿಲ್ಲ. ರಾಜ್ಯದೊಳಗೇ ಬಂದ ವಾಹನಕ್ಕೆ ಮತ್ತೆ ಜೀವಾವಧಿ ತೆರಿಗೆಯಿಲ್ಲ, ಆರ್‌ಸಿಯಲ್ಲಿ ವಿಳಾಸ ಬದಲಾವಣೆಗೆ 30 ದಿನದೊಳಗೆ ಅರ್ಜಿ ಹಾಕಿ.

ಹಂತ 8: ಗೆರೆ ಮುಟ್ಟಿದ ವಾರ ಏನು ಮಾಡಬೇಕು

ಐದನೇ ಹಂತದಲ್ಲಿ ಬರೆದು ಅಂಟಿಸಿದ ಮೊತ್ತಕ್ಕೆ ಖಾತೆ ಇಳಿದಾಗ ಮನಸ್ಸು "ಇನ್ನೊಂದೇ ತಿಂಗಳು" ಎನ್ನುತ್ತದೆ. ಆ ಒಂದು ತಿಂಗಳು ಯಾವಾಗಲೂ ಮೂರಾಗುತ್ತದೆ. ಆ ವಾರವೇ ಬೆಂಗಳೂರಿನ ಹುದ್ದೆಗಳಿಗೆ ಅರ್ಜಿ ಹಾಕಲು ಶುರು ಮಾಡಿ. ರೆಸ್ಯೂಮೆಯಲ್ಲಿ "ಬೆಂಗಳೂರಿನಲ್ಲಿ ಕೆಲಸಕ್ಕೆ ಸಿದ್ಧ" ಎಂದು ಮೇಲಿನ ಸಾಲಿನಲ್ಲೇ ಬರೆಯಿರಿ. ವಿಳಾಸ ಮೈಸೂರೆಂದು ಕಂಡ ಕೂಡಲೇ ಪಕ್ಕಕ್ಕಿಡುವ ನೇಮಕಾತಿಯವರಿದ್ದಾರೆ. ಖಾಲಿ ತಿಂಗಳುಗಳ ಬಗ್ಗೆ ಕೇಳಿದರೆ ಊರು ಬದಲಿಸಿದ್ದನ್ನು, ಆ ಅವಧಿಯಲ್ಲಿ ಮಾಡಿದ ಬಿಡಿ ಕೆಲಸ, ಕಲಿತ ಕೋರ್ಸನ್ನು ಇದ್ದ ಹಾಗೇ ಹೇಳಿ.

ಕೆಲಸ ಸಿಕ್ಕ ಕೂಡಲೇ ಮೈಸೂರಿನ ಮನೆಯನ್ನು ಖಾಲಿ ಮಾಡಬೇಡಿ. ಕೆಲಸ ಸಿಕ್ಕವರು ಮಾತ್ರ ಬೆಂಗಳೂರಿನ ಪಿಜಿಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಇದ್ದು ವಾರಾಂತ್ಯಕ್ಕೆ ಬರಲಿ. ಮೈಸೂರಿನ ಬಾಡಿಗೆ, ಪಿಜಿ ಬಾಡಿಗೆ, ರೈಲು ಖರ್ಚು ಮೂರನ್ನೂ ಕೂಡಿಸಿ ಬೆಂಗಳೂರಿನ ಒಂದು ಮನೆಯ ಬಾಡಿಗೆಯೊಂದಿಗೆ ಹೋಲಿಸಿ. ಹಲವು ಕುಟುಂಬಗಳಿಗೆ ಎರಡೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಹೊಸ ಕೆಲಸದ ಪ್ರೊಬೇಷನ್ ಆರು ತಿಂಗಳು ಹೀಗೇ ಕಳೆಯಲಿ. ಕೆಲಸ ಖಾಯಂ ಆದ ಮೇಲೆ ನಾಲ್ಕನೇ ಹಂತದ ಮೂರು ಪ್ರಶ್ನೆಗಳನ್ನು ಹೊಸ ಕಂಪನಿಯ ಮುಂದಿಡಿ.